ಸಕ್ಕರ್ ಮೀನನ್ನು ಕೆರೆಗೆ ಬಿಡಬಹುದಾ? ಇರುವುದು ಒಂದೇ ಮೀನು

ತೊಟ್ಟಿಮೀನು:
ಎಲ್ಲರಿಗೂ ನಮಸ್ಕಾರ. ಕೆಲವು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ಕೇಳಿಬಿಡೋಣ ಅಂತ ಬಂದೆ.

ಮೂರು ವರ್ಷದ ಹಿಂದೆ ಟ್ಯಾಂಕಿನ ಗಾಜಿಗೆ ಅಂಟಿದ ಪಾಚಿ ತಿನ್ನಲಿ ಅಂತ ಒಂದು ಸಕ್ಕರ್ ಮೀನು ತಂದೆ. ಆಗ ಕಿರುಬೆರಳಿನಷ್ಟಿತ್ತು. ಈಗ ಒಂದು ಅಡಿ ದಾಟಿದೆ. ತಿರುಗಬೇಕಾದರೆ ಬಾಲ ಗಾಜಿಗೆ ತಾಗುತ್ತದೆ. ರಾತ್ರಿ ಒಮ್ಮೆ ಮೈ ಕೊಡವಿದರೆ ಮುಚ್ಚಳವೇ ಅಲ್ಲಾಡುತ್ತದೆ. ನೋಡಿದರೆ ಸಂಕಟ ಆಗುತ್ತದೆ.

ಗೆಳೆಯರು 'ಕೆರೆಗೆ ಬಿಟ್ಟುಬಿಡು, ಅದೂ ಹಾಯಾಗಿರುತ್ತೆ' ಅನ್ನುತ್ತಾರೆ. ಹೊರಗಿನ ಮೀನು ಬಿಡಬಾರದು ಅಂತ ಎಲ್ಲೋ ಓದಿದ ನೆನಪು. ಆದರೆ ನನ್ನದು ಒಂದೇ ಮೀನು. ಜೋಡಿ ಇಲ್ಲ, ಮರಿ ಆಗಲ್ಲ. ಹಾಗಿರುವಾಗ ಏನು ಹಾನಿ?

ಇನ್ನೊಂದು ಮಾತು. ಹೋದ ತಿಂಗಳು ಅದೇ ಟ್ಯಾಂಕಿನ ಗೋಲ್ಡ್‌ಫಿಶ್ ಮೈಮೇಲೆ ದಾರದಂಥ ಹುಳು ಕಂಡಿತ್ತು. ಔಷಧಿ ಹಾಕಿದೆ, ಹೋಯಿತು. ಸಕ್ಕರ್ ಮೈಮೇಲೆ ಏನೂ ಇರಲಿಲ್ಲ. ಇದಕ್ಕೂ ಕೆರೆಗೆ ಬಿಡುವುದಕ್ಕೂ ಏನಾದರೂ ಸಂಬಂಧ ಇದೆಯಾ?

ಕೆರೆಹಕ್ಕಿ:
ದಯವಿಟ್ಟು ಬಿಡಬೇಡಿ.

ಅಲೆಮಾರಿ:
ಬಿಡಿ ಸರ್, ಏನೂ ಆಗಲ್ಲ. ಕೆರೆಯಲ್ಲಿ ಸಾವಿರಾರು ಮೀನು ಇರುತ್ತವೆ. ಇನ್ನೊಂದು ಹೋಗಿ ಸೇರಿದರೆ ಯಾವುದೋ ಕೊಕ್ಕರೆಗೆ ಊಟ, ಅಷ್ಟೇ. ಜೀವಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾವಾಗಲೂ ಹೋಗುತ್ತಲೇ ಇದ್ದವು. ಸುಮ್ನೆ ಹೆದರಿಸುವುದು ಜಾಸ್ತಿ ಆಗಿದೆ.

ಬಲೆಗಾರ:
ಕೊಕ್ಕರೆಗೆ ಊಟವಾ? ಅಲೆಮಾರಿ ಅವರೇ, ನೀವು ಆ ಮೀನನ್ನು ಕೈಯಲ್ಲಿ ಹಿಡಿದಿಲ್ಲ ಅನಿಸುತ್ತದೆ. ನಾನು ಬಲೆ ಬೀಸುವವನು. ಅದರ ಮೈಗೆ ಬೇರೆ ಮೀನಿನ ಹಾಗೆ ಹುರುಪೆ ಇರುವುದಿಲ್ಲ. ಮೂಳೆಯ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ ಹಾಗೆ ಇರುತ್ತದೆ, ಕೈ ಸವರಿದರೆ ಅರದ ಹಾಗೆ ಗರಗರ ಅನ್ನುತ್ತದೆ. ಬಲೆಗೆ ಬಿದ್ದರೆ ಪಕ್ಕೆಯ ರೆಕ್ಕೆಯ ಮುಳ್ಳನ್ನು ಅಗಲಿಸಿ ಸೆಟೆದುಕೊಳ್ಳುತ್ತದೆ. ಎಳೆದರೆ ಬಲೆ ಹರಿಯುತ್ತದೆ, ಮೀನು ಹೊರಗೆ ಬರಲ್ಲ. ಒಂದನ್ನು ಬಿಡಿಸುವಷ್ಟರಲ್ಲಿ ಬಲೆಯ ಮೂರು ಕಣ್ಣು ಕತ್ತರಿಸಬೇಕಾಗುತ್ತದೆ. ದಡಕ್ಕೆ ಹಾಕಿ ಗಂಟೆಗಟ್ಟಲೆ ಆದರೂ ಸಾಯುವುದಿಲ್ಲ. ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತದೆ. ಮೊಟ್ಟೆ ಇಡಲು ದಂಡೆಯ ಮಣ್ಣಿನಲ್ಲಿ ಬಿಲ ತೋಡುತ್ತದೆ. ಅಂಥ ಬಿಲ ಹತ್ತಾರು ಆದಾಗ ದಂಡೆಯೇ ಕುಸಿಯುತ್ತದೆ.

ಇದು ದಕ್ಷಿಣ ಅಮೆರಿಕದ ಮೀನು. ಫ್ಲಾರಿಡಾದಿಂದ ಹಿಡಿದು ಏಷ್ಯಾದವರೆಗೆ ಎಲ್ಲ ಕಡೆ ಹರಡಿದ್ದು ಮುಖ್ಯವಾಗಿ ಟ್ಯಾಂಕುಗಳಿಂದ, ಮೀನು ಸಾಕಣೆ ಕೇಂದ್ರಗಳಿಂದ. 'ಒಂದೇ ಮೀನು' ಅಂತ ಬಿಟ್ಟವರು ನೀವೊಬ್ಬರೇ ಆಗಿರುವುದಿಲ್ಲ, ಅಲ್ವಾ?

ಹೊಳೆದಂಡೆ:
'ಜೋಡಿ ಇಲ್ಲದೆ ಮರಿ ಆಗಲ್ಲ' ಅನ್ನುವುದೂ ಎಲ್ಲ ಪ್ರಾಣಿಗೂ ನಿಜ ಅಲ್ಲ. ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದಿದೆ, ಸಿಹಿನೀರಿನ ದೊಡ್ಡ ಸೀಗಡಿಯ ಹಾಗೆ ಕಾಣುತ್ತದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಮೊದಲು ಕಂಡಿತು. ಎಲ್ಲವೂ ಹೆಣ್ಣೇ. ಗಂಡಿಲ್ಲದೆ ಮೊಟ್ಟೆ ಇಡುತ್ತವೆ, ಮರಿಗಳೆಲ್ಲ ತಾಯಿಯ ತದ್ರೂಪು. ಈಗ ಮಡಗಾಸ್ಕರ್‌ನಲ್ಲಿ ಹೊಳೆ, ಗದ್ದೆ ಎಲ್ಲ ಕಡೆ ಅದೇ. ಅದರ ವಿಷಯದಲ್ಲಿ ಒಂದು ಅಂದರೆ ಲಕ್ಷ.

ಸೂಕ್ಷ್ಮದರ್ಶಕ:
ತೊಟ್ಟಿಮೀನು ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ನಾನು ಮೀನಿನ ಪರಾವಲಂಬಿಗಳ ಬಗ್ಗೆ ಓದಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಕಂಡ ದಾರ ಆಂಕರ್ ವರ್ಮ್ ಇರಬೇಕು. ರೆಕ್ಕೆಯ ಬುಡದಲ್ಲಿ ನೇತಾಡುತ್ತಿತ್ತಾ? ಬುಡದಲ್ಲಿ ಕೆಂಪು ಗಾಯ, ತುದಿಯಲ್ಲಿ ಎರಡು ಸಣ್ಣ ಎಳೆ ಕವಲೊಡೆದ ಹಾಗೆ? ಆ ಎರಡು ಎಳೆ ಮೊಟ್ಟೆಯ ಚೀಲಗಳು. ಹೆಸರಿನಲ್ಲಿ ಹುಳು ಅಂತಿದ್ದರೂ ಇದು ಹುಳುವಲ್ಲ, ಸೀಗಡಿ ಏಡಿಗಳ ಬಳಗದ್ದು. ಹೆಣ್ಣು ತಲೆಯನ್ನು ಮಾಂಸದೊಳಗೆ ತೂರಿಸಿ ಲಂಗರಿನ ಹಾಗೆ ಕೊಂಬು ಚಾಚುತ್ತದೆ. ಚಿಮುಟದಿಂದ ಎಳೆದರೆ ಮೈ ತುಂಡಾಗಿ ಕೈಗೆ ಬರುತ್ತದೆ, ಲಂಗರು ಒಳಗೇ ಉಳಿಯುತ್ತದೆ. ಮೊಟ್ಟೆ ಒಡೆದು ಬಂದ ಮರಿಗಳು ನೀರಿನಲ್ಲಿ ಈಜುತ್ತಿರುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ಕಿವಿರಿನ ಮೇಲೂ ಕೂರುತ್ತವೆ. ಹಾಗಾಗಿ ಸಕ್ಕರ್ ಮೈಮೇಲೆ ಕಾಣಲಿಲ್ಲ ಅಂದರೆ ಅದರ ಹತ್ತಿರ ಇಲ್ಲ ಅಂತಲ್ಲ. ಗೋಲ್ಡ್‌ಫಿಶ್, ಕಾರ್ಪ್ ಸಾಗಿಸಿದ ಕಡೆಗೆಲ್ಲ ಇದೂ ಜೊತೆಗೆ ಹೋಗಿದೆ.

ಈಗ ಕೆರೆಗೆ ಬನ್ನಿ. ನೀವು ಬಿಡುವುದು ಒಂದು ಮೀನು. ಇಳಿಯುವುದು ಮೀನು, ಅದರ ಕಿವಿರಿನಲ್ಲಿದ್ದದ್ದು, ಕರುಳಿನಲ್ಲಿದ್ದದ್ದು, ಚೀಲದ ನೀರಿನಲ್ಲಿದ್ದದ್ದು ಎಲ್ಲ. ಮೀನು ಒಂದು ವಾರದಲ್ಲಿ ಸತ್ತರೂ ಅವು ಸಾಯಬೇಕೆಂದಿಲ್ಲ.

ಅಲೆಮಾರಿ:
ಮೇಡಂ, ಮಾಹಿತಿ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ಪರಾವಲಂಬಿಗೆ ಆಶ್ರಯ ಕೊಟ್ಟವನು ಸತ್ತರೆ ಅದೂ ಸಾಯುತ್ತದಲ್ಲ? ಹಾಗಾಗಿ ಅದು ಮಿತಿ ಮೀರಿ ಹಾನಿ ಮಾಡಲ್ಲ, ಒಂದು ಹೊಂದಾಣಿಕೆಗೆ ಬರುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು.

ಸೂಕ್ಷ್ಮದರ್ಶಕ:
ಆ ಹೊಂದಾಣಿಕೆ ಬರುವುದು ಇಬ್ಬರೂ ಸಾವಿರಾರು ವರ್ಷ ಜೊತೆಗೆ ಬಾಳಿದಾಗ. ಹೊಸಬರು ಎದುರಾದಾಗ ಹಾಗಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಯುರೋಪಿನಲ್ಲಿ ಓದುವಾಗ ಹಾವುಮೀನು ಸೀಳಿ ನೋಡುವ ಕೆಲಸ ಇತ್ತು. ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ, ನೀರಿನಲ್ಲಿ ಮೇಲೆ ಕೆಳಗೆ ಹೋಗಲು ಬೇಕು. ಆರೋಗ್ಯವಾಗಿದ್ದರೆ ತೆಳು ಬಲೂನಿನ ಹಾಗೆ, ಆಚೆ ಬದಿ ಕಾಣುತ್ತದೆ. ನನ್ನ ಕೈಯಲ್ಲಿದ್ದ ಮೀನಿನದು ದಪ್ಪಗಾಗಿ ಮಂಕಾಗಿತ್ತು. ಒಳಗೆ ಕಪ್ಪು ಕಪ್ಪಾಗಿ ಏನೋ ಹೊರಳುತ್ತಿತ್ತು. ಕತ್ತರಿ ಹಾಕಿದೆ. ರಕ್ತ ಕುಡಿದು ಕಪ್ಪಗಾದ ದುಂಡುಹುಳುಗಳು ತಟ್ಟೆಗೆ ಬಿದ್ದವು. ಎಣಿಸಿದೆ, ಹನ್ನೊಂದು.

ಆ ಹುಳು ಜಪಾನಿನ ಹಾವುಮೀನಿನದು. ಅಲ್ಲಿ ಅದರಿಂದ ಹೆಚ್ಚು ತೊಂದರೆ ಇಲ್ಲ, ಆ ಮೀನಿಗೆ ತಡೆಯುವ ಶಕ್ತಿ ಇದೆ. 1980ರ ದಶಕದ ಆರಂಭದಲ್ಲಿ ಜೀವಂತ ಹಾವುಮೀನಿನ ವ್ಯಾಪಾರದ ಜೊತೆ ಯುರೋಪಿಗೆ ಬಂತು. ಯುರೋಪಿನ ಹಾವುಮೀನಿಗೆ ಇದರ ಪರಿಚಯವೇ ಇರಲಿಲ್ಲ. ಮೊಟ್ಟೆ ಇಡಲು ಅದು ಅಟ್ಲಾಂಟಿಕ್ ದಾಟಿ ಸಾರ್ಗಾಸೋ ಸಮುದ್ರಕ್ಕೆ ಹೋಗಬೇಕು, ಸಾವಿರಾರು ಕಿಲೋಮೀಟರ್. ಹುಳು ಅದನ್ನು ನದಿಯಲ್ಲಿ ಕೊಲ್ಲುವುದಿಲ್ಲ. ಗಾಳಿಚೀಲ ಹಾಳು ಮಾಡಿ ಪ್ರಯಾಣಕ್ಕೆ ಕಳಿಸುತ್ತದೆ. ಇಂದು ಆ ಹಾವುಮೀನು ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟು, ಅತಿಯಾದ ಮೀನುಗಾರಿಕೆ ಎಲ್ಲ ಕಾರಣ ಇವೆ, ಹುಳು ಒಂದೇ ಅಲ್ಲ. ಆದರೆ ಆ ತಟ್ಟೆ ನೋಡಿದವರಿಗೆ ಮರೆಯಲು ಆಗುವುದಿಲ್ಲ.

ಹೊಳೆದಂಡೆ:
ಇನ್ನೊಂದು ವಿಷಯ ಸೇರಿಸುತ್ತೇನೆ. ಆಶ್ರಯ ಸತ್ತರೆ ಪರಾವಲಂಬಿಯೂ ಸಾಯಬೇಕು ಅನ್ನುವುದು ಒಂದೇ ಆಶ್ರಯ ಇದ್ದಾಗ ಮಾತ್ರ. ಅಮೆರಿಕದ ಸಿಗ್ನಲ್ ಕ್ರೇಫಿಶ್ ಒಂದು ಶಿಲೀಂಧ್ರ ಹೊತ್ತುಕೊಂಡು ತಿರುಗುತ್ತದೆ, ತನಗೆ ಹೆಚ್ಚೇನೂ ಆಗುವುದಿಲ್ಲ. ಅದೇ ರೋಗ ಯುರೋಪಿನ ಕ್ರೇಫಿಶ್‌ಗೆ ತಗುಲಿದರೆ ಹೊಳೆಗೆ ಹೊಳೆಯೇ ಖಾಲಿ. ರೋಗ 19ನೇ ಶತಮಾನದಲ್ಲೇ ಇಟಲಿಗೆ ಬಂದಿತ್ತು. ಸತ್ತುಹೋದವುಗಳ ಜಾಗ ತುಂಬಲು ಆಮೇಲೆ 20ನೇ ಶತಮಾನದಲ್ಲಿ ಬೇಕಂತಲೇ ಸಿಗ್ನಲ್ ಕ್ರೇಫಿಶ್ ತಂದು ಬಿಟ್ಟರು. ರೋಗ ಹೊರುವವನನ್ನೇ ಮನೆಗೆ ಕರೆದ ಹಾಗಾಯಿತು.

ನೀರ್ನಾಯಿ:
ಸಣ್ಣ ತಿದ್ದುಪಡಿ. ಅದು ಶಿಲೀಂಧ್ರ ಅಲ್ಲ, ನೋಡಲು ಮಾತ್ರ ಹಾಗೆ. ಓಮೈಸೀಟ್ ಅನ್ನುವ ಗುಂಪಿನದು, ಕಂದು ಪಾಚಿಗಳಿಗೆ ಹತ್ತಿರದ ನೆಂಟ. ಉಳಿದದ್ದೆಲ್ಲ ಸರಿ.

ಹೊಳೆದಂಡೆ:
ಸರಿ, ತಿದ್ದಿಕೊಂಡೆ. ಧನ್ಯವಾದ.

ಬಸವನಹುಳು:
ನಾರ್ವೆಯ ಸಾಲ್ಮನ್ ಕಥೆ ಯಾರೂ ಹೇಳಲಿಲ್ಲ. ಅರ್ಧ ಮಿಲಿಮೀಟರಿನ ಜೀವಿ, ಗೈರೋಡ್ಯಾಕ್ಟಿಲಸ್. ಚರ್ಮದ ಮೇಲೆ ಕೊಕ್ಕೆ ಹಾಕಿ ಕೂತು ಮೇಯುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹೆರುತ್ತದೆ. ಹೊಟ್ಟೆಯೊಳಗಿನ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ! ಬಾಲ್ಟಿಕ್ ಕಡೆಯ ಸಾಲ್ಮನ್‌ಗೆ ಅಭ್ಯಾಸ ಇತ್ತು. 1970ರ ದಶಕದಲ್ಲಿ ಸಾಕಣೆ ಮೀನಿನ ಜೊತೆ ನಾರ್ವೆಗೆ ಬಂತು. ಸುಮಾರು 50 ನದಿಗಳಿಗೆ ಹರಡಿ ಎಳೆಯ ಸಾಲ್ಮನ್‌ಗಳನ್ನು ಸಾಯಿಸಿತು. ಕೊನೆಗೆ ಅವರು ಮಾಡಿದ್ದೇನು ಗೊತ್ತಾ? ನದಿಗೆ ರೋಟಿನೋನ್ ಅನ್ನುವ ವಿಷ ಸುರಿದು ಎಲ್ಲ ಮೀನನ್ನೂ ಕೊಂದು, ಕಾಪಾಡಿಟ್ಟ ತಳಿಯಿಂದ ಮತ್ತೆ ಮೀನು ಬೆಳೆಸಿದರು. ಒಂದೊಂದೇ ನದಿ, ದಶಕಗಳ ಕಾಲ. ಅಷ್ಟು ಸಣ್ಣ ಜೀವಿಗೆ ಅಷ್ಟು ದೊಡ್ಡ ಬೆಲೆ.

ಕೆರೆಹಕ್ಕಿ:
ಇಡೀ ನದಿಯನ್ನು ಕೊಂದು ನದಿಯನ್ನು ಉಳಿಸುವುದು. ಓದಿ ಸುಮ್ಮನೆ ಕೂತುಬಿಟ್ಟೆ.

ಅಲೆಮಾರಿ:
ಒಪ್ಪಿದೆ, ನನಗೆ ಇದು ಇಷ್ಟು ಗೊತ್ತಿರಲಿಲ್ಲ. ಆದರೂ ಒಂದು ಅನುಮಾನ. ಹೊರಗಿಂದ ಬಂದದ್ದಕ್ಕೆ ಇಷ್ಟೊಂದು ರೋಗ ಇದ್ದರೆ ಅದೇ ಮೊದಲು ಸಾಯಬೇಕಲ್ಲ? ಅದು ಹೇಗೆ ಎಲ್ಲರಿಗಿಂತ ಜಾಸ್ತಿ ಬೆಳೆಯುತ್ತದೆ?

ಸೂಕ್ಷ್ಮದರ್ಶಕ:
ಇದು ಒಳ್ಳೆ ಪ್ರಶ್ನೆ. ನಾಣ್ಯದ ಇನ್ನೊಂದು ಮುಖ ಇದೇ. ಹೊರಟ ಪ್ರಾಣಿ ತನ್ನ ಪರಾವಲಂಬಿಗಳಲ್ಲಿ ಹೆಚ್ಚಿನವನ್ನು ತವರಿನಲ್ಲೇ ಬಿಟ್ಟು ಬರುತ್ತದೆ. ಬಂದವು ಕೆಲವೇ ಇರುತ್ತವೆ. ಬಹಳಷ್ಟು ಪರಾವಲಂಬಿಗಳಿಗೆ ಎರಡು ಮೂರು ಆಶ್ರಯ ಬೇಕು, ಮೊದಲು ಬಸವನಹುಳು, ಆಮೇಲೆ ಮೀನು, ಆಮೇಲೆ ಹಕ್ಕಿ ಹೀಗೆ. ಹೊಸ ಜಾಗದಲ್ಲಿ ಆ ಬಸವನಹುಳು ಇಲ್ಲದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ 26 ಜಾತಿಯ ಪ್ರಾಣಿಗಳನ್ನು ಹೋಲಿಸಿದ್ದರು. ತವರಿನಲ್ಲಿ ಒಂದೊಂದಕ್ಕೆ ಸರಾಸರಿ 16 ಬಗೆಯ ಪರಾವಲಂಬಿ. ಹೊಸ ಜಾಗಕ್ಕೆ ಜೊತೆಗೆ ಬಂದವು ಸುಮಾರು 3, ಅಲ್ಲಿ ಹೊಸದಾಗಿ ಅಂಟಿದವು ಸುಮಾರು 4. ಅಂದರೆ ಭಾರ ಅರ್ಧಕ್ಕಿಂತ ಕಡಿಮೆ. ಅಲ್ಲಿನ ಹಳಬರು ಮಾತ್ರ ಪೂರ್ತಿ ಭಾರ ಹೊತ್ತೇ ಬದುಕಬೇಕು. ಇದು ಸಮಬಲದ ಪೈಪೋಟಿ ಹೇಗಾಗುತ್ತದೆ?

ಬಲೆಗಾರ:
ಹಾಗಾದರೆ ಬಿಟ್ಟು ಬಂದ ಪರಾವಲಂಬಿಯನ್ನೇ ತಂದು ಬಿಟ್ಟರೆ? ಶತ್ರುವಿಗೆ ಅವನ ಶತ್ರು.

ನೀರ್ನಾಯಿ:
ಯೋಚಿಸಿದ್ದಾರೆ ಬಲೆಗಾರರೇ. ಯುರೋಪಿನ ಹಸಿರು ಏಡಿ ಅಮೆರಿಕದ ತೀರಗಳನ್ನು ಹೊಕ್ಕಿದೆ, ಅಲ್ಲಿನ ಮರುವಾಯಿಗಳನ್ನು ಮುಗಿಸುತ್ತದೆ. ತವರಿನಲ್ಲಿ ಅದಕ್ಕೆ ಸ್ಯಾಕ್ಯುಲಿನಾ ಅಂತ ಒಂದು ಪರಾವಲಂಬಿ ಇದೆ. ಬಂಡೆ, ಹಡಗಿಗೆ ಅಂಟಿ ಬದುಕುವ ಬಾರ್ನಕಲ್ ಅನ್ನುವ ಜೀವಿಯ ಬಳಗದ್ದು. ಏಡಿಯ ಮೈಯೊಳಗೆ ಬೇರಿನ ಹಾಗೆ ಹರಡಿ, ಹೊಟ್ಟೆಯ ಕೆಳಗೆ ಏಡಿ ಮೊಟ್ಟೆ ಹೊರುವ ಜಾಗದಲ್ಲೇ ತನ್ನ ಚೀಲ ಹೊರಗೆ ಚಾಚುತ್ತದೆ. ಏಡಿ ಅದನ್ನು ತನ್ನದೇ ಮೊಟ್ಟೆ ಅಂದುಕೊಂಡು ಆರೈಕೆ ಮಾಡುತ್ತದೆ. ಗಂಡಿಗೆ ತಗುಲಿದರೆ ಗಂಡಿನ ಹೊಟ್ಟೆಯೂ ಹೆಣ್ಣಿನ ಹಾಗೆ ಅಗಲವಾಗುತ್ತದೆ. ಏಡಿಗೆ ಮುಂದೆ ಮರಿ ಆಗುವುದಿಲ್ಲ.

ಇದನ್ನು ಅಮೆರಿಕಕ್ಕೆ ತರಬಹುದಾ ಅಂತ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕ್ಯಾಲಿಫೋರ್ನಿಯಾದ ನಾಡ ಏಡಿಗಳಿಗೂ ಅದು ತಗುಲಿತು. ಅಲ್ಲಿ ಅದು ಬೆಳೆಯಲಿಲ್ಲ, ಆದರೆ ಆ ಏಡಿಗಳು ಸತ್ತವು. ಅದಕ್ಕೇ ನನಗೆ ಈ 'ಶತ್ರುವಿನ ಶತ್ರು' ಅನ್ನುವ ಮಾತು ಕೇಳಿದರೆ ಭಯ. ಸೊಳ್ಳೆ ತಿನ್ನಲಿ ಅಂತ ಜಗತ್ತಿನ ತುಂಬ ಹಂಚಿದ ಗ್ಯಾಂಬೂಸಿಯಾ ಮೀನು ಎಷ್ಟೋ ಕಡೆ ನಾಡ ಮೀನಿನ ಮರಿ, ಕಪ್ಪೆ ಮರಿ ತಿಂದು ಕೂತಿದೆ.

ಬಸವನಹುಳು:
ಎಲ್ಲವೂ ಕೆಟ್ಟಿಲ್ಲ. ಸಾಲ್ವಿನಿಯಾ ಅನ್ನುವ ತೇಲುವ ಕಳೆಗೆ ಬ್ರೆಜಿಲ್‌ನ ಒಂದು ಸಣ್ಣ ಮೂತಿಹುಳ ತಂದು ಆಸ್ಟ್ರೇಲಿಯಾದಲ್ಲಿ ಗೆದ್ದರು. ಆ ಹುಳ ಬೇರೆ ಏನೂ ತಿನ್ನಲ್ಲ, ಗೆದ್ದದ್ದು ಅದಕ್ಕೇ. ಕಪ್ಪು ಸಮುದ್ರದಲ್ಲಿ ನಡೆದದ್ದು ಇನ್ನೊಂದು ಬಗೆ. ಅಮೆರಿಕದ ತೀರದಿಂದ ಬಂದ ಒಂದು ಬಾಚಣಿಗೆ ಲೋಳೆಜೀವಿ, 1980ರ ದಶಕದ ಕೊನೆಗೆ ಆಂಚೋವಿ ಮೀನಿನ ಮೊಟ್ಟೆ, ಮರಿ, ಮರಿಗಳ ಆಹಾರ ಎಲ್ಲ ತಿಂದು ಮೀನುಗಾರಿಕೆಯನ್ನೇ ಮಲಗಿಸಿತ್ತು. 1997ರಲ್ಲಿ ಬೆರೋಯೆ ಅನ್ನುವ ಇನ್ನೊಂದು ಲೋಳೆಜೀವಿ ತಾನಾಗಿಯೇ ಬಂತು, ಮೊದಲನೆಯದನ್ನು ತಿನ್ನತೊಡಗಿತು. ಯಾರೂ ಯೋಜನೆ ಮಾಡಿದ್ದಲ್ಲ.

ಎಂಜಿನ್ ರೂಮ್:
ಆ ಮೊದಲ ಲೋಳೆಜೀವಿ ಹೇಗೆ ಬಂತು ಅಂತ ನಾನು ಹೇಳುತ್ತೇನೆ, ಹಡಗಿನಲ್ಲಿ ಕೆಲಸ ಮಾಡುವವನು. ಸರಕು ಇಲ್ಲದ ಹಡಗು ಹಗುರವಾಗಿ ತೇಲುತ್ತದೆ, ಅಲೆಗೆ ವಾಲುತ್ತದೆ. ಅದಕ್ಕೆ ಬಂದರಿನ ನೀರನ್ನೇ ತೊಟ್ಟಿಗಳಿಗೆ ತುಂಬಿಕೊಳ್ಳುತ್ತೇವೆ. ಇದೇ ಬ್ಯಾಲೆಸ್ಟ್ ನೀರು. ಸಾವಿರಾರು ಟನ್. ಸರಕು ತುಂಬುವ ಬಂದರಿನಲ್ಲಿ ಅದನ್ನು ಹೊರಗೆ ಬಿಡಬೇಕು. ಅಮೆರಿಕದ ದೊಡ್ಡ ಸರೋವರಗಳಿಗೆ ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿ ಹೋಗಿದ್ದೂ ಹೀಗೆ, 1988ರಲ್ಲಿ ಕಣ್ಣಿಗೆ ಬಿತ್ತು. ಅದರ ಮರಿಗಳು ನೀರಿನಲ್ಲಿ ತೇಲುತ್ತವೆ, ಆಮೇಲೆ ಗಟ್ಟಿ ಜಾಗ ಕಂಡಲ್ಲಿ ನೂಲು ಬಿಟ್ಟು ಅಂಟುತ್ತವೆ. ಪೈಪಿನೊಳಗೆ ಅಂಟಿದರೆ ನೀರೇ ಬರುವುದಿಲ್ಲ.

ಖಾಲಿ ಮಾಡಿದ ತೊಟ್ಟಿಯೊಳಗೆ ನಾನು ಟಾರ್ಚ್ ಹಿಡಿದು ಇಳಿದಿದ್ದೇನೆ. ಪಾದ ಮುಳುಗುವಷ್ಟು ಕೆಸರು ಇರುತ್ತದೆ. ಒಮ್ಮೆ ಆ ಕೆಸರಿನಲ್ಲಿ ಉಗುರಿನಷ್ಟು ಸಣ್ಣ ಏಡಿ ನಡೆಯುತ್ತಿತ್ತು. ಮೂರು ವಾರದ ಪ್ರಯಾಣ ಮುಗಿಸಿತ್ತು.

ಈಗ ನಿಯಮ ಇದೆ. 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು, ಜಾರಿಗೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ. ನೀರನ್ನು ಸೋಸಿ, ಯುವಿ ಬೆಳಕಿನಿಂದಲೋ ಕ್ಲೋರಿನ್‌ನಿಂದಲೋ ಶುದ್ಧ ಮಾಡಿ ಬಿಡಬೇಕು. ಹೊರಬಿಟ್ಟ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್‌ಗಿಂತ ದೊಡ್ಡ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. ಇಷ್ಟು ಕಷ್ಟಪಟ್ಟು ನಾವು ನೀರು ಸೋಸುವಾಗ ಯಾರೋ ಬಕೆಟ್ ಹಿಡಿದು ಕೆರೆಗೆ ಸುರಿದರೆ ಬೇಜಾರಾಗುತ್ತದೆ.

ಕೆರೆಹಕ್ಕಿ:
ಪರಾವಲಂಬಿಗಳನ್ನೆಲ್ಲ ಒಮ್ಮೆಗೇ ಅಳಿಸಿಬಿಡಲು ಆಗುವಂತಿದ್ದರೆ ಎಷ್ಟು ಚೆಂದ ಇರುತ್ತಿತ್ತು.

ಸೂಕ್ಷ್ಮದರ್ಶಕ:
ಅಯ್ಯೋ, ಹಾಗನ್ನಬೇಡಿ! ತವರಿನಲ್ಲಿರುವ ಪರಾವಲಂಬಿ ಬೇರೆ. ಜಪಾನಿನ ತೊರೆಗಳಲ್ಲಿ ಕೂದಲಿನಂಥ ಒಂದು ಹುಳು ಇದೆ. ಮಿಡತೆ, ಜೀರುಂಡೆ ಜಾತಿಯ ಕೀಟಗಳ ಹೊಟ್ಟೆಯಲ್ಲಿ ಬೆಳೆದು, ತಾನು ದೊಡ್ಡದಾದ ಮೇಲೆ ಆ ಕೀಟ ನೀರಿಗೆ ಹಾರುವಂತೆ ಮಾಡುತ್ತದೆ. ಹಾಗೆ ಬಿದ್ದ ಕೀಟಗಳೇ ಒಂದು ತೊರೆಯ ಟ್ರೌಟ್ ಮೀನಿಗೆ ವರ್ಷದ ಆಹಾರ ಶಕ್ತಿಯಲ್ಲಿ ಸುಮಾರು 60 ಶೇಕಡಾ ಕೊಡುತ್ತಿದ್ದವು ಅಂತ ಲೆಕ್ಕ ಹಾಕಿದ್ದಾರೆ. ಹುಳು ಹೋದರೆ ಮೀನು ಉಪವಾಸ. ಪರಾವಲಂಬಿ ಇರುವುದು ತಪ್ಪಲ್ಲ. ಅದರ ಜಾಗ ನಾವು ಬದಲಿಸಿದ್ದು ತಪ್ಪು.

ಕೆರೆಹಕ್ಕಿ:
ಇದು ನನಗೆ ಪೂರ್ತಿ ಹೊಸದು. ಮಾತು ವಾಪಸ್.

ಬಲೆಗಾರ:
ಹಾಗಂತ ಲ್ಯಾಂಪ್ರೇಯನ್ನು ಯಾರೂ ಹೊಗಳಬೇಡಿ. ಹಾವಿನಂಥ ಮೀನು, ದವಡೆ ಇಲ್ಲ. ಬಾಯಿ ಗುಂಡಗೆ, ಸುತ್ತ ಹಲ್ಲು. ಮೀನಿಗೆ ಕಚ್ಚಿ ರಕ್ತ ಹೀರುತ್ತದೆ. ನಯಾಗರಾ ಜಲಪಾತ ದಾಟಲು ಅದಕ್ಕೆ ಆಗುತ್ತಿರಲಿಲ್ಲ. ಹಡಗಿಗೆ ಅಂತ ವೆಲ್ಯಾಂಡ್ ಕಾಲುವೆ ತೋಡಿದರು, ಅದಕ್ಕೂ ದಾರಿ ಸಿಕ್ಕಿತು. 1921ರಲ್ಲಿ ಅಮೆರಿಕದ ಆ ದೊಡ್ಡ ಸರೋವರಗಳಲ್ಲಿ ಒಂದಾದ ಈರೀಯಲ್ಲಿ ಕಂಡಿತು, 1930ರ ದಶಕ ಮುಗಿಯುವಷ್ಟರಲ್ಲಿ ಮೇಲಿನ ಸರೋವರಗಳಿಗೆಲ್ಲ. ಒಂದೊಂದು ಲ್ಯಾಂಪ್ರೇ ಜೀವಮಾನದಲ್ಲಿ 18 ಕಿಲೋದಷ್ಟು ಮೀನು ಕೊಲ್ಲಬಲ್ಲದು. ಟ್ರೌಟ್ ಹಿಡಿದು ಬದುಕುತ್ತಿದ್ದ ಬೆಸ್ತರ ಕೆಲಸವೇ ಹೋಯಿತು. ಸುಮಾರು 6000 ರಾಸಾಯನಿಕ ಪರೀಕ್ಷಿಸಿ, ಲ್ಯಾಂಪ್ರೇ ಮರಿಯನ್ನು ಕೊಂದು ಬೇರೆ ಮೀನನ್ನು ಹೆಚ್ಚುಕಡಿಮೆ ಬಿಡುವ ಒಂದನ್ನು 1950ರ ದಶಕದ ಕೊನೆಗೆ ಹುಡುಕಿದರು. ಇವತ್ತಿಗೂ ಹಾಕುತ್ತಲೇ ಇದ್ದಾರೆ. ಕೋವಿಡ್ ವೇಳೆ ಎರಡು ವರ್ಷ ಕೆಲಸ ಕಡಿಮೆಯಾಯಿತು, ಲ್ಯಾಂಪ್ರೇ ಮತ್ತೆ ಏರಿತು.

ಅಲೆಮಾರಿ:
ತೊಟ್ಟಿಮೀನು ಅವರೇ, ಮೊದಲು ನಾನು ಬರೆದದ್ದು ಬಿಟ್ಟುಬಿಡಿ. ಕೆರೆಗೆ ಬಿಡಬೇಡಿ.

ತೊಟ್ಟಿಮೀನು:
ಎಲ್ಲ ಎರಡೆರಡು ಸಲ ಓದಿದೆ. ಬಿಡುವುದಿಲ್ಲ, ನಿರ್ಧಾರ ಮಾಡಿದೆ. ಪರಿಚಯದವರೊಬ್ಬರ ಹತ್ತಿರ ಒಳಾಂಗಣದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿ ಇದೆ, ಹೊರಗಿನ ನೀರಿಗೆ ಸಂಪರ್ಕ ಇಲ್ಲ. ಅವರು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಈಗ ಉಳಿದಿರುವುದು ಟ್ಯಾಂಕಿನ ಹಳೇ ನೀರು, ಬಲೆ, ಮತ್ತೆ ಒಂದಿಷ್ಟು ನೀರುಗಿಡ. ಗಿಡದ ಎಲೆ ಅಡಿಯಲ್ಲಿ ಅಂಟು ಅಂಟಾದ ಮೊಟ್ಟೆ ಕಾಣುತ್ತಿದೆ, ಬಸವನಹುಳುವಿನದು ಇರಬೇಕು. ಇವನ್ನು ಏನು ಮಾಡಲಿ?

ಸೂಕ್ಷ್ಮದರ್ಶಕ:
ತುಂಬ ಖುಷಿಯಾಯಿತು. ನೀರನ್ನು ಮೋರಿಗೆ, ಕಾಲುವೆಗೆ ಸುರಿಯಬೇಡಿ, ಅದು ಕೊನೆಗೆ ಕೆರೆಗೇ ಸೇರಬಹುದು. ನೀರಿನಿಂದ ದೂರದ ಒಣ ಮಣ್ಣಿಗೆ ಹಾಕಿ, ಇಂಗಿಹೋಗಲಿ. ಗಿಡವನ್ನು ಬಿಸಿಲಿಗೆ ಹರಡಿ ಪೂರ್ತಿ ಗರಿಗರಿ ಆಗುವಷ್ಟು ಒಣಗಿಸಿ, ಆಮೇಲೆ ಕಸಕ್ಕೆ. ಬಲೆಯೂ ಹಾಗೇ, ಗಂಟುಗಳ ಒಳಗೆ ತೇವ ಉಳಿಯದ ಹಾಗೆ. ಸಕ್ಕರ್ ಅನ್ನು ಆ ತೊಟ್ಟಿಗೆ ಬಿಡುವ ಮೊದಲು ನಾಲ್ಕು ವಾರ ಬೇರೆ ಇಡಿ. ಅಲ್ಲಿನ ಮೀನಿಗೂ ಆಂಕರ್ ವರ್ಮ್ ಬರಬಾರದು.

ಬಲೆಗಾರ:
ಹಿಡಿಯುವಾಗ ಬಲೆ ಬೇಡ, ಸಿಕ್ಕಿಕೊಂಡರೆ ಅದಕ್ಕೂ ಗಾಯ ನಿಮಗೂ ಗಾಯ. ಅಗಲ ಬಾಯಿಯ ಡಬ್ಬಿ ಮುಳುಗಿಸಿ ಮೂಲೆಗೆ ಒತ್ತಿ, ನೀರಿನ ಜೊತೆಯೇ ಎತ್ತಿ.

ತೊಟ್ಟಿಮೀನು:
ಡಬ್ಬಿ ಇದೆ. ನಾಳೆ ಬೆಳಿಗ್ಗೆಯೇ ಮಾಡುತ್ತೇನೆ.